ದರ್ಶಿನಿಯಲ್ಲಿ ಸಜ್ಜಿಗೆ ಕೇಳಬೇಡಿ

ಕಾಸರಗೋಡಿನಲ್ಲಿ ರಾತ್ರಿ ರೈಲು ಹತ್ತಿ, ಮಂಗಳೂರು ದಾಟಿ, ಘಟ್ಟ ಏರಿ ಬೆಳಿಗ್ಗೆ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಹೊತ್ತಿಗೆ ಹೊಟ್ಟೆ ಚೆಂಡೆ ಬಾರಿಸುತ್ತಿರುತ್ತದೆ. ಎದುರಿಗೇ ಒಂದು ದರ್ಶಿನಿ, ಟೋಕನ್ ತೆಗೆದುಕೊಂಡು ನಿಂತೇ ತಿನ್ನುವ ಹೋಟೆಲು. ಬೋರ್ಡು ಕನ್ನಡದಲ್ಲುಂಟು, ಗಲ್ಲಾದಲ್ಲಿ ಕೂತವರೂ ಕನ್ನಡದವರೇ. ಇನ್ನೆಂತ ಹೆದರಿಕೆ ಅಂದುಕೊಳ್ಳುತ್ತೇವೆ. ಎಡವುವುದು ಅಲ್ಲಿಯೇ.

ನಮ್ಮ ಕುಂಬಳೆ, ಬದಿಯಡ್ಕದ ಕಡೆ ಸಜ್ಜಿಗೆ ಅಂದರೆ ಹುರಿದ ರವೆಗೆ ಒಗ್ಗರಣೆ, ಹಸಿಮೆಣಸು ಬಿದ್ದ ಖಾರದ ತಿಂಡಿ. ಅವಲಕ್ಕಿ ಜೊತೆ ಕಲಸಿದರೆ ಸ್ವರ್ಗ. ಬೆಂಗಳೂರಿನವರಿಗೆ ಸಜ್ಜಿಗೆ ಸಿಹಿ, ಪೂಜೆಯ ಪ್ರಸಾದದ ಸಾಲಿನದ್ದು. ನಮ್ಮ ಸಜ್ಜಿಗೆ ಅಲ್ಲಿ ಖಾರಾಬಾತ್, ನಮ್ಮ ಶೀರಾ ಅಲ್ಲಿ ಕೇಸರಿಬಾತ್. ಎರಡನ್ನೂ ಒಂದೇ ತಟ್ಟೆಗೆ ಅಕ್ಕಪಕ್ಕ ಕವುಚಿದರೆ ಚೌಚೌಬಾತ್. ಬಾತ್ ಎಂಬ ಹೆಸರು ನಂಬಿ ಅನ್ನಕ್ಕೆ ಕಾಯಬೇಡಿ. ಅನ್ನ ಇರುವುದು ವಾಂಗಿಬಾತಿನಲ್ಲಿ, ಬಿಸಿಬೇಳೆಬಾತಿನಲ್ಲಿ. ಗೋಳಿಬಜೆ ಘಟ್ಟ ಹತ್ತಿದ ಮೇಲೆ 'ಮಂಗಳೂರು ಬಜ್ಜಿ'. ಕಟ್ಟನ್ ಚಾಯ (ಹಾಲಿಲ್ಲದ ಚಹಾ) ಕೇಳಿದರೆ ಮಾತ್ರ ಗಲ್ಲಾದವರು ಮುಖ ನೋಡುತ್ತಾರೆ.

ದುಡ್ಡು ಮೊದಲು, ತಿಂಡಿ ಆಮೇಲೆ. ಕಾಫಿಯ ಟೋಕನನ್ನೂ ಆಗಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಎಂಜಲು ಕೈಯಲ್ಲಿ ಮತ್ತೆ ಕ್ಯೂ. ಆದರೆ ಅದನ್ನು ದೋಸೆಯ ಟೋಕನ್ ಜೊತೆ ಕೊಡಬೇಡಿ. ಕಾಫಿ ಅರ್ಧ ನಿಮಿಷದಲ್ಲಿ ಬರುತ್ತದೆ, ದೋಸೆ ಕಾವಲಿಯ ಸರದಿ ನೋಡಿಕೊಂಡು ಬರುತ್ತದೆ. ಅಷ್ಟರಲ್ಲಿ ಕಾಫಿಗೆ ಕೆನೆ ಕಟ್ಟಿರುತ್ತದೆ. ಉಳಿದ ಟೋಕನ್ ಕಿಸೆಯಲ್ಲಿರಲಿ. ತಟ್ಟೆಯಡಿ ಇಟ್ಟರೆ ಸಾಂಬಾರು ಕುಡಿದು ಮುದ್ದೆಯಾಗುತ್ತದೆ.

ಕೌಂಟರಿನವರು ಕೇಳುವುದು ಒಂದೇ ಪ್ರಶ್ನೆ: "ಡಿಪ್ಪಾ, ಸಪರೇಟಾ?" ಯೋಚಿಸಲು ಸಮಯವಿಲ್ಲ, ಹಿಂದೆ ಐದು ಜನ ತಟ್ಟೆಗೆ ಕೈ ಚಾಚಿರುತ್ತಾರೆ. ಸುಮ್ಮನೆ ನಿಂತರೆ ಇಡ್ಲಿ-ವಡೆ ಎರಡನ್ನೂ ಸಾಂಬಾರಿನಲ್ಲಿ ಮುಳುಗಿಸಿಬಿಡುತ್ತಾರೆ. ಕುರುಕಲು ವಡೆ ಬೇಕಿದ್ದವರು, ಕೌಂಟರಿನವರು ಬಾಯಿ ತೆರೆಯುವ ಮೊದಲೇ 'ಸಪರೇಟ್' ಅಂದಿರಬೇಕು.

ಡಿಪ್ ಸಿಕ್ಕಿತೋ, ಮುಂದಿನದು ಕಸುಬಿನ ವಿಷಯ. ಉದ್ದಿನ ವಡೆಯ ಹೊರಮೈ ಗಟ್ಟಿ, ಒಳಗೆ ಮೆತ್ತಗೆ. ಒಂದೇ ಚಮಚದಿಂದ ಅಂಚನ್ನು ಒತ್ತಿದರೆ ತುಂಡಾಗುವುದಿಲ್ಲ. ಸಾಂಬಾರಿನ ಜಾರಿಕೆಗೆ ಬಟ್ಟಲಿನ ಗೋಡೆ ಹತ್ತಿ ಎದುರು ನಿಂತವರ ಅಂಗಿಯ ಕಡೆ ಹೊರಡುತ್ತದೆ. ಎರಡು ಚಮಚ ಕೇಳಿ. ಒಂದರಿಂದ ವಡೆಯನ್ನು ಅದುಮಿ ಹಿಡಿಯಿರಿ, ಇನ್ನೊಂದನ್ನು ನಡುವಿನ ತೂತಿಗೆ ಇಳಿಸಿ ಹೊರಗೆ ಸೀಳಿ. ತೂತಿನಿಂದ ಅಂಚಿಗೆ ದೂರ ಕಡಿಮೆ, ವಡೆ ಮರ್ಯಾದೆಯಿಂದ ಬಿಟ್ಟುಕೊಡುತ್ತದೆ. ಎರಡು ನಿಮಿಷ ನೆನೆಯಲು ಬಿಟ್ಟರಂತೂ ಜಗಳವೇ ಇಲ್ಲ. ತೂತಿಲ್ಲದ ಚಟ್ಟಂಬಡೆಗೆ (ಕಡಲೆಬೇಳೆ ವಡೆ) ಈ ಉಪಾಯ ನಡೆಯದು, ಅದನ್ನು ಕೈಯಲ್ಲೇ ಮುರಿಯಬೇಕು.

ಮಸಾಲೆ ದೋಸೆಯನ್ನು ಬಿಡಿಸಿದರೆ ಒಳಗೆ ಕೆಂಪು ಇರುತ್ತದೆ. ಕೇರಳದ ಕಾಫಿ ಹೌಸುಗಳ ಮಸಾಲೆ ದೋಸೆಯ ರೂಢಿಯಿದ್ದವರು ಬೀಟ್‌ರೂಟ್ ಎಂದುಕೊಂಡು ದೊಡ್ಡ ತುತ್ತು ಹಾಕುತ್ತಾರೆ. ಅದು ಒಣಮೆಣಸು-ಬೆಳ್ಳುಳ್ಳಿಯ ಚಟ್ನಿ. ನೀರಿನ ಲೋಟ ಮೊದಲೇ ತುಂಬಿಸಿಟ್ಟುಕೊಳ್ಳಿ. ಚೀಲವನ್ನು ಮೇಜಿನ ಮೇಲಿಡಬೇಡಿ. ನಿಂತು ತಿನ್ನುವ ಆ ಗುಂಡು ಮೇಜಿನಲ್ಲಿ ನಾಲ್ಕು ತಟ್ಟೆಗೇ ಜಾಗ ಸಾಲದು, ಊರಿನಿಂದ ತಂದ ಹಪ್ಪಳದ ಕಟ್ಟಿಗೆ ಎಲ್ಲಿಂದ ಬರಬೇಕು? ಕಾಲುಗಳ ನಡುವೆ ಇಟ್ಟುಕೊಳ್ಳಿ.

ಸ್ಟೀಲ್ ಲೋಟದ ಕಾಫಿಯನ್ನು ನಡುವಿಗೆ ಹಿಡಿದವರು ಕುಣಿಯುತ್ತಾರೆ. ಕಾಫಿ ತಾಗದ ಹೊರಬಾಗಿದ ಅಂಚೊಂದೇ ಹಿಡಿಯುವ ಜಾಗ, ಅದೂ ಎರಡೇ ಬೆರಳಲ್ಲಿ. ನೊರೆ ಅಂಚಿನವರೆಗೆ ಬಂದಿದ್ದರೆ ಶೌರ್ಯ ಬೇಡ. ಲೋಟದ ಜೊತೆ ಕೊಡುವ ಬಟ್ಟಲು, ಅಂದರೆ ದಬರಿಯನ್ನು ಲೋಟಕ್ಕೆ ತಾಗಿಸಿ, ಲೋಟವನ್ನು ಸ್ವಲ್ಪ ವಾಲಿಸಿ ಸುರಿದು, ಎರಡು ಸಲ ಆಚೆ-ಈಚೆ ಮಾಡಿ.

ಕೈ ತೊಳೆಯುವಾಗ ಪಕ್ಕದವರು ಮಾತಿಗೆಳೆಯುತ್ತಾರೆ. ಒಂದು 'ಎಂತ', ಒಂದು 'ಉಂಟು' ಬಿದ್ದರೆ ಸಾಕು: "ಮಂಗಳೂರಾ?" ಕಾಸರಗೋಡು ಅಂದರೆ ಕಣ್ಣರಳಿಸಿ, "ಓ, ಕೇರಳಾನಾ? ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!" ಅನ್ನುತ್ತಾರೆ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ಗಡಿ, ಮನೆಮಾತು, ಅಜ್ಜಂದಿರ ಕಾಲದ ಶಾಲೆ ಎಲ್ಲ ವಿವರಿಸಲು ಅರ್ಧ ಗಂಟೆ ಬೇಕು, ನಲ್ಲಿಯ ಹಿಂದೆ ಆಗಲೇ ಮೂರು ಜನ. "ಹೌದು, ಕಲಿತೆ" ಅಂದು ಕೈ ಒರೆಸಿಕೊಳ್ಳುವುದು ಸುಲಭ.