ನೀರಿಗೂ ಒಂದು ಸುತ್ತೋಲೆ

ಸಾರ್ವಜನಿಕ ಕಟ್ಟಡಗಳ ವಿಷಯದಲ್ಲಿ ಅಡಿಪಾಯದ ಆಳಕ್ಕಿಂತ ಮೊದಲೇ ಉದ್ಘಾಟನೆಯ ದಿನಾಂಕ ನಿಶ್ಚಯವಾಗಿರುತ್ತದೆ. ಆ ದಿನಾಂಕದಿಂದ ಹಿಂದಕ್ಕೆ ಎಣಿಸುತ್ತ ಬಂದು ಬಣ್ಣಕ್ಕೆ ಇಷ್ಟು ದಿನ, ಗಿಲಾವಿಗೆ ಇಷ್ಟು ದಿನ, ಶಿಲಾಫಲಕದ ಹೊಳಪಿಗೆ ಇನ್ನಷ್ಟು ದಿನ ಎಂದು ಎಲ್ಲಕ್ಕೂ ಅವಧಿ ಗೊತ್ತುಪಡಿಸುವ ಅಧಿಕಾರಿಗಳು, ಗೋಡೆಯೊಳಗಿನ ನೀರನ್ನು ಮಾತ್ರ ಯಾವ ಸಭೆಗೂ ಆಹ್ವಾನಿಸುವುದಿಲ್ಲ. ಹೀಗಿರುವಾಗ ತಾನು ಎಂದು ಹೊರಡಬೇಕೆಂಬುದು ಅದಕ್ಕಾದರೂ ತಿಳಿಯುವುದೆಂತು?

ಆತುರದ ಆಡಳಿತ ನಂಬಿರುವ ಶಾಸ್ತ್ರದ ಪ್ರಕಾರ ಕಾಂಕ್ರೀಟ್ ಬೇಗ ಒಣಗಿದಷ್ಟೂ ಬೇಗ ಗಟ್ಟಿಯಾಗುತ್ತದೆ. ಸಿಮೆಂಟು ಈ ಶಾಸ್ತ್ರವನ್ನು ಓದಿಕೊಂಡಿಲ್ಲ. ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುವುದು ಅದರ ಸ್ವಭಾವ. ಆರಂಭದ ದಿನಗಳಲ್ಲಿ ನೀರುಣಿಸುವುದನ್ನು ನಿಲ್ಲಿಸಿದರೆ ಆ ಕ್ರಿಯೆ ನಡುದಾರಿಯಲ್ಲಿ ನಿಂತು, ಮೇಲ್ಮೈ ಪುಡಿಯುದುರತೊಡಗುತ್ತದೆ, ಕೂದಲೆಳೆಯಂಥ ಬಿರುಕುಗಳೂ ಮೂಡುತ್ತವೆ. ಕಾಂಕ್ರೀಟಿನ ಬಲವನ್ನು 28ನೆಯ ದಿನ ಪರೀಕ್ಷಿಸುವ ರೂಢಿ ಇರುವುದು ಈ ಕಾರಣಕ್ಕೆ. ಬಲ ಬಂದ ಮೇಲೂ ಒಳಗೆ ಉಳಿದ ನೀರು ಹೊರಹೋಗಲು ಬೇರೆಯೇ ಕಾಲ ಬೇಕು: ಹಾಸಿನ ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಕೆಲಸ ಬಲ್ಲವರ ಸ್ಥೂಲ ಲೆಕ್ಕ. ನಮ್ಮ ವ್ಯವಸ್ಥೆಯ ಜಾಣ್ಮೆಯನ್ನು ಕಾಣಬೇಕಾದದ್ದು ಇಲ್ಲಿಯೇ. ಕಾಂಕ್ರೀಟು ನೀರು ಬೇಡುವ ವಾರದಲ್ಲಿ ಪೈಪು ಸುತ್ತಿಡಲಾಗುತ್ತದೆ. ನೀರು ಹೊರಡಲು ಸಿದ್ಧವಾದ ತಿಂಗಳಲ್ಲಿ ಅದರ ಮೇಲೆ ವಿನೈಲ್ ಹಾಸು ಅಂಟಿಸಿ ದಾರಿ ಮುಚ್ಚಲಾಗುತ್ತದೆ. ಕೆಲವೇ ತಿಂಗಳಲ್ಲಿ ಅಂಟು ಬಿಟ್ಟು ಹಾಸು ಉಬ್ಬಿದಾಗ, ಸಾರ್ವಜನಿಕರು ಹೆಚ್ಚಾಗಿ ಓಡಾಡಿದ್ದೇ ಕಾರಣವೆಂದು ಟಿಪ್ಪಣಿ ಬರೆಯಲಾಗುತ್ತದೆ.

ನೀರಿನಿಂದ ಲಾಭ ಬರುವ ಹಂತವೂ ಒಂದಿದೆ, ಅದನ್ನು ಮುಚ್ಚಿಡಬಾರದು. ನೂರಕ್ಕೆ ಐದರಷ್ಟು ತೇವವಿರುವ ಮರಳಿನ ಕಣಗಳು ನೀರಿನ ತೆಳುಪೊರೆಯಿಂದಾಗಿ ಒಂದಕ್ಕೊಂದು ದೂರ ಸರಿದು, ರಾಶಿ ಕಾಲುಭಾಗದಷ್ಟು, ಸಣ್ಣ ಮರಳಾದರೆ ಇನ್ನೂ ಹೆಚ್ಚು, ಉಬ್ಬಿ ನಿಲ್ಲುತ್ತದೆ. ತೂಗದೆ ಗಾತ್ರದಲ್ಲಿ ಅಳೆದು ಕೊಂಡರೆ ಅಷ್ಟು ಗಾಳಿಗೂ ಬಿಲ್ಲು ಪಾವತಿಯಾಗುತ್ತದೆ. ಅದೇ ಮರಳನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಉಬ್ಬು ಇಳಿದು ನಿಜ ಗಾತ್ರ ಬಯಲಾಗುತ್ತದೆ. ಆದರೆ ಲೆಕ್ಕಪತ್ರವನ್ನು ಹೀಗೆ ಮುಳುಗಿಸಿ ನೋಡುವ ಪದ್ಧತಿ ಎಲ್ಲಿಯೂ ಇದ್ದಂತಿಲ್ಲ.

ಮರದ ಬಾಗಿಲುಗಳದು ಇನ್ನೊಂದು ಬಗೆಯ ಅವಿಧೇಯತೆ. ಮರದ ತೇವ ನೂರಕ್ಕೆ ಮೂವತ್ತರ ಆಸುಪಾಸಿಗಿಂತ ಕೆಳಗಿಳಿದಾಗ ಅದು ಕುಗ್ಗತೊಡಗುತ್ತದೆ, ಅದೂ ಸಮನಾಗಿ ಅಲ್ಲ: ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ವಾರ್ಷಿಕ ಉಂಗುರಗಳ ಗುಂಟ ಕುಗ್ಗುವುದು ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಆದ್ದರಿಂದ ಹಸಿ ಮರದಿಂದ ಮಾಡಿದ ಬಾಗಿಲು ಒಣಗುತ್ತ ಹೋದಂತೆ ತಿರುಚಿಕೊಳ್ಳುತ್ತದೆ. ತೇವದ ಕಾಲದಲ್ಲಿ ಅದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಾಗ ಬಡಗಿಯನ್ನು ಕರೆಸಿ ಅಂಚು ಹೆರೆಸಲಾಗುತ್ತದೆ. ಒಣ ಕಾಲದಲ್ಲಿ ಬೆರಳು ತೂರುವ ಸಂದಿ ಬಿಟ್ಟಾಗ, ಸ್ವಾಭಾವಿಕ ಗಾಳಿಬೆಳಕಿನ ವ್ಯವಸ್ಥೆ ಎಂಬ ಶೀರ್ಷಿಕೆಯಡಿ ಅದನ್ನು ದಾಖಲಿಸಿಕೊಳ್ಳಬಹುದು.

ಗೋಡೆಗಳ ಕಥೆಯೇ ಅತ್ಯಂತ ಶ್ರೀಮಂತವಾದದ್ದು. ಹಸಿ ಗಿಲಾವಿನ ಮೇಲೆ ಹೊಳೆಯುವ ಬಣ್ಣ ಬಳಿದಾಗ, ಹೊರಬರಲು ಹವಣಿಸುವ ನೀರು ಬಣ್ಣವನ್ನು ಗುಳ್ಳೆಗಳಾಗಿ ಎಬ್ಬಿಸುತ್ತದೆ. ಇಟ್ಟಿಗೆ ಮತ್ತು ಗಾರೆಯಲ್ಲಿ ಕರಗಿದ್ದ ಲವಣಗಳನ್ನು ಜೊತೆಗೆ ಹೊತ್ತು ತಂದು, ತಾನು ಆವಿಯಾಗಿ, ಬಿಳಿಯ ಉಪ್ಪನ್ನು ಮೇಲ್ಮೈಯಲ್ಲಿ ಬಿಟ್ಟುಹೋಗುತ್ತದೆ. ನೆಲದ ತೇವ ತಡೆಯುವ ಪದರವನ್ನು ಅಡಿಪಾಯದ ಮೇಲೆ ಹಾಕದೆ ಉಳಿಸಿದ್ದರಂತೂ ನೀರಿನ ಪೂರೈಕೆ ನಿರಂತರ. ಇದಕ್ಕೆ ಸಿದ್ಧವಿರುವ ಚಿಕಿತ್ಸೆಯೆಂದರೆ ಕೆರೆದು, ಪುಟ್ಟಿ ಮೆತ್ತಿ, ನೀರು ನುಸುಳದ ಬಣ್ಣವನ್ನು ಒಳಗಡೆಯಿಂದ ಬಳಿಯುವುದು. ಹೊರಬೀಳುವ ದಾರಿ ಮುಚ್ಚಿಹೋದ ನೀರು ಇನ್ನೂ ಒಂದಡಿ ಮೇಲೇರಿ ಅಲ್ಲಿ ಹೊಸ ಕಲೆ ಮೂಡಿಸುತ್ತದೆ, ಅದರೊಂದಿಗೆ ಅಂದಾಜುಪಟ್ಟಿಯೂ ಮೇಲೇರುತ್ತದೆ.

ಗೋಡೆಯ ತೇವ ಅಳೆಯುವ ಅಂಗೈಯಗಲದ ಮೀಟರೊಂದು ಇಷ್ಟೆಲ್ಲವನ್ನೂ ಮೊದಲೇ ಹೇಳಬಲ್ಲುದು. ಕಿರಿಯ ಎಂಜಿನಿಯರೊಬ್ಬರು ಅದನ್ನು ಕೊಳ್ಳುವ ಪ್ರಸ್ತಾವ ಕಳುಹಿಸಿದರೆಂದೇ ಇಟ್ಟುಕೊಳ್ಳೋಣ. ಗೋಡೆಗಳು ಸಂಪೂರ್ಣ ಒಣಗಿವೆಯೆಂಬ ಪ್ರಮಾಣಪತ್ರವು ಕಡತದಲ್ಲಿ ಈಗಾಗಲೇ ಇರುವುದರಿಂದ ಅಳೆಯುವ ಅಗತ್ಯ ಕಂಡುಬರುವುದಿಲ್ಲ ಎಂಬ ಷರಾದೊಂದಿಗೆ ಅದು ಹಿಂದಿರುಗುವುದು ಖಚಿತ.