ಮುದ್ದೆ ನುಂಗುವವನಿಗೆ ಹಲ್ಲೇಕೆ?

ದೀಪಾವಳಿ ಹೊತ್ತಿಗೆ ಎಡಗಡೆ ಕೆಳಗಿನ ದವಡೆ ಹಲ್ಲು ತಣ್ಣೀರು ಕುಡಿದರೆ ಜುಮ್ ಅನ್ನತೊಡಗಿತು. ನಾಲಿಗೆ ತುದಿಗೆ ಸಾಸಿವೆ ಕಾಳಷ್ಟು ಗುಳಿ ಸಿಕ್ಕಿತು. ನಾನು ತಣ್ಣೀರು ಬಿಟ್ಟೆ. ಹಲ್ಲಿನ ಡಾಕ್ಟರ್ ಹತ್ತಿರ ಹೋಗುವುದಕ್ಕಿಂತ ಅದು ಸುಲಭ ಅಲ್ವಾ?

ನಮ್ಮದು ಮಂಡ್ಯ. ಇಲ್ಲಿ ಹಲ್ಲಿಲ್ಲದೆಯೂ ಬದುಕಬಹುದು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಗುಳುಂ ಅಂತ ನುಂಗುವುದು. ಅಗಿದರೆ ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ, ಪಕ್ಕದವರು "ಯಾವೂರಪ್ಪ ನಿಂದು?" ಅಂತಾರೆ. ಹೀಗೆ ನುಂಗುತ್ತಾ ನುಂಗುತ್ತಾ ಸಂಕ್ರಾಂತಿ ಬಂತು.

"ರೀ, ಹಬ್ಬಕ್ಕೆ ಮುಂಚೆ ತೋರಿಸಿಕೊಂಡು ಬನ್ನಿ" ಅಂದಳು ಹೆಂಡತಿ. ತೋರಿಸಿದರೆ ಡಾಕ್ಟರ್ ಕಬ್ಬು ತಿನ್ನಬೇಡಿ ಅಂತಾರೆ. ಸಕ್ಕರೆ ನಾಡಿನಲ್ಲಿ ಕಬ್ಬು ಸಿಗಿಯದೆ ಸಂಕ್ರಾಂತಿ ಮಾಡೋದಾ? ಬಲಗಡೆಯಿಂದ ಸಿಗಿದೆ. ಎಳ್ಳುಬೆಲ್ಲದ ಕೊಬ್ಬರಿ ಚೂರೊಂದು ಮಾತ್ರ ಆ ಗುಳಿಯಲ್ಲೇ ಮನೆ ಮಾಡಿತು.

ಕಡೆಗೆ ಕೈಕೊಟ್ಟಿದ್ದು ಬೀಗರೂಟ. ಮಟನ್ ಪೀಸು ಅಪ್ಪಿತಪ್ಪಿ ಎಡಗಡೆ ಹೋಯಿತು, ಒಳಗೊಂದು ಮೂಳೆ. ಕಟಕ್! ಕಣ್ಣ ಮುಂದೆ ದಸರಾ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ನನ್ನ ಕಣ್ಣೀರು ನೋಡಿ ಬೀಗರು "ಖಾರ ಜಾಸ್ತಿ ಆಯ್ತಾ?" ಅಂತ ಗಾಬರಿಯಾದರು. ಪಾಪ, ಲೋಟದ ತುಂಬ ತಣ್ಣೀರು ತಂದುಕೊಟ್ಟರು. ಮರ್ಯಾದೆಗೆ ಕುಡಿದೆ.

ಆ ರಾತ್ರಿ ಮಲಗಿದರೆ ಸಾಕು, ತಲೆ ಕಡೆಗೆ ರಕ್ತ ಹರಿದು ಹಲ್ಲು ತಮಟೆ ಬಾರಿಸುತ್ತಿತ್ತು. ಎದ್ದು ಕೂತರೆ ಸ್ವಲ್ಪ ವಾಸಿ. ಎರಡು ಗಂಟೆಗೆ ಅಮ್ಮನಿಗೂ ಎಚ್ಚರವಾಯಿತು. "ಲವಂಗ ಮಡಿಕ್ಕೊ ಕಣ್ಲಾ, ಹುಳ ಸತ್ತೋಯ್ತದೆ." ಮಡಿಕ್ಕೊಂಡೆ. ಲವಂಗದ ಎಣ್ಣೆಗೆ ಜಾಗ ಮರಗಟ್ಟಿಸುವ ಗುಣ ಇದೆ, ನಿಜ. ಆದರೆ ನಾನು ನಾಲ್ಕು ಲವಂಗ ಒತ್ತಿದ್ದಕ್ಕೆ ವಸಡು ಸುಟ್ಟು, ನೋವು ಎರಡಾಯಿತು.

ಮೂರನೇ ದಿನ ಬೆಳಿಗ್ಗೆ ನೋವು ಮಾಯ! ಅಮ್ಮ ಗೆದ್ದಂತೆ ನಕ್ಕಳು. ಖುಷಿಗೆ ಒಂದಚ್ಚು ಬೆಲ್ಲ ತಿಂದೆ. ಇನ್ನೊಂದು ವಾರಕ್ಕೆ ಕೆನ್ನೆಯಲ್ಲೇ ಮುದ್ದೆ ಇಟ್ಟುಕೊಂಡವನ ಹಾಗೆ ಬಾತುಕೊಂಡಿತು. ಹೆಂಡತಿ ಸ್ಕೂಟರ್ ಹಿಂದೆ ಕೂರಿಸಿಕೊಂಡು ನಡೆದಳು.

"ನೋವು ಹೋಗಿದ್ದಲ್ಲ ಸಾರ್, ಒಳಗಿನ ನರ ಸತ್ತಿದ್ದು" ಅಂದರು ಡಾಕ್ಟರಮ್ಮ, ಎಕ್ಸ್‌ರೇ ತೋರಿಸುತ್ತ. ಹಲ್ಲಿನ ಮೇಲಿನ ಗಟ್ಟಿ ಪದರದಲ್ಲಿ ನರ ಇರೋದಿಲ್ಲವಂತೆ. ಅದಕ್ಕೇ ತೂತು ಸಣ್ಣದಿದ್ದಾಗ ಏನೂ ಗೊತ್ತಾಗೋದಿಲ್ಲವಂತೆ. ಜುಮ್ ಅಂದಾಗಲೇ ಬಂದಿದ್ದರೆ ಸಿಮೆಂಟ್ ತುಂಬಿ ಕಳಿಸುತ್ತಿದ್ದರಂತೆ. ಈಗ ರೂಟ್ ಕೆನಾಲ್, ಮೂರು ಸಲ ಬರಬೇಕು.

"ಯಾವ ಕಡೆ ಅಗಿಯುತ್ತೀರಿ?"

"ಅಗಿಯಲ್ಲ ಮೇಡಂ, ನುಂಗುತ್ತೇನೆ."

ಹೆಂಡತಿ ಮುಖ ತಿರುಗಿಸಿ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಆವತ್ತು ಮುಕ್ಕಾಲು ಗಂಟೆ ಬಾಯಿ ತೆರೆದು ಫ್ಯಾನ್ ನೋಡುತ್ತ ಮಲಗಿದ್ದೆ. ಕೂದಲಿನಷ್ಟು ಸಣ್ಣ ಸೂಜಿಗಳು ಒಳಗೆ ಹೋಗಿ ಬರುತ್ತಿದ್ದವು. ನೋವೇ ಇಲ್ಲ. ನಾಲ್ಕು ತಿಂಗಳು ಹೆದರಿದ್ದು ಇದಕ್ಕಾ! ಮನೆಗೆ ಬಂದು ಮುದ್ದೆಗೆ ಕೂತರೆ ಅರ್ಧ ಬಾಯಿಗೆ ಜೀವವೇ ಇಲ್ಲ. ಸಾರೆಲ್ಲ ಅಂಗಿ ಮೇಲೆ.

ಮೂರು ಸಲವೂ ಹೋದೆ. ಇನ್ನು ಹಲ್ಲಿಗೆ ಕ್ಯಾಪ್ ಹಾಕಿಸುವುದೊಂದು ಬಾಕಿ. ಬನ್ನಿ ಅಂತ ಫೋನ್ ಬಂದು ಹತ್ತು ದಿನವಾಯಿತು. ಮುಂದಿನ ವಾರ ಯುಗಾದಿ, ಮಾರನೇ ದಿನ ಹೊಸತೊಡಕು. ಅದೊಂದು ಮುಗಿಯಲಿ ಅಂತ ಇದ್ದೇನೆ.