ದುಂಡು ಕೋಟೆ, ಪುಟ್ಟ ಗಾಲಿ

ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ಸೂಟ್‌ಕೇಸಿನ ಗಾಲಿಗೆ ಸದ್ದೇ ಇರುವುದಿಲ್ಲ. ಅದೇ ಗಾಲಿ ಇಟಲಿಯ ಮೊಂತೆರಿಜ್ಜೋನಿ ಎಂಬ ಕೋಟೆಯೂರಿನ ಬಾಗಿಲಿನ ಕಮಾನಿನ ಕೆಳಗೆ ಬಂದಿತೋ, ರಾಗಿ ಬೀಸುವ ಕಲ್ಲಿಗೆ ಜೀವ ಬಂದ ಹಾಗೆ ಶುರುವಾಗುತ್ತದೆ: ಗಡಗಡ, ಗಡಗಡ, ಟಕ್. ಟಕ್ ಅಂದರೆ ಗಾಲಿ ಸಂದಿನಲ್ಲಿ ಸಿಕ್ಕಿಕೊಂಡಿತು ಎಂದರ್ಥ. ಒಂದು ನಿಟ್ಟುಸಿರು, ಒಂದು ಜಗ್ಗು, ಮತ್ತೆ ಗಡಗಡ. ಹೀಗೆ ಊರಿನೊಳಗೆ ರಾತ್ರಿ ತಂಗಲು ಬಂದವರು ಬೆಳಗಿನ ಆರೂವರೆಗೆ ಬಸ್ಸು ಹಿಡಿಯಲು ಹೊರಟರೆ, ಊರಿಗೆ ಬೇರೆ ಕೋಳಿ ಬೇಕಿಲ್ಲ.

ಊರಾದರೂ ಎಷ್ಟು ದೊಡ್ಡದು! ಕೋಟೆಗೋಡೆಯ ಸುತ್ತಳತೆ ಸುಮಾರು 570 ಮೀಟರ್. ಹೆಚ್ಚುಕಮ್ಮಿ ದುಂಡಗಿದೆಯಾದ್ದರಿಂದ ಅಡ್ಡಳತೆ 180ರ ಆಸುಪಾಸು. ರೋಮಿನ ಕಡೆಯ ಪೋರ್ತಾ ಫ್ರಾಂಕಾದಲ್ಲಿ ಹೊಕ್ಕು ಫ್ಲಾರೆನ್ಸ್ ಕಡೆಯ ಬಾಗಿಲಲ್ಲಿ ಹೊರಬೀಳಲು ಮೂರು ನಿಮಿಷ ಸಾಕು. ಬೀದಿ ಕೊನೆಯ ಅಂಗಡಿಯಿಂದ ಹಾಲು ತಂದಷ್ಟೇ ಕೆಲಸ. ಆದರೆ ಹಾಸುಗಲ್ಲಿನ ಸಂದು ಹದಿನೈದು ಸೆಂಟಿಮೀಟರಿಗೊಂದು ಎಂದು ಹಿಡಿದರೆ ಆ ಮೂರು ನಿಮಿಷದಲ್ಲಿ ಒಂದೊಂದು ಗಾಲಿಗೂ 1,200 ಏಟು. ನಾಲ್ಕು ಗಾಲಿಗೆ ಲೆಕ್ಕ ನೀವೇ ಹಾಕಿ.

ಇಷ್ಟು ಚಿಕ್ಕ ಊರಿಗೆ ಅಷ್ಟು ದೂರದಿಂದ ಯಾಕೆ ಹೋಗಬೇಕು ಎಂಬುದು ಈ ಬರಹದ ವಿಷಯ. ಹೇಳೋಣ. ಮೊದಲು ಗಾಲಿಯದೊಂದು ಇತ್ಯರ್ಥವಾಗಲಿ.

ಸೂಟ್‌ಕೇಸಿಗೆ ಗಾಲಿ ಹಾಕಿ 1972ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಬರ್ನಾರ್ಡ್ ಸ್ಯಾಡೋ. ಅವನದು ನಾಲ್ಕು ಗಾಲಿಯ ಮೇಲೆ ಅಡ್ಡಡ್ಡ ನಿಂತ ಪೆಟ್ಟಿಗೆ. ಕರುವಿಗೆ ಹಗ್ಗ ಕಟ್ಟಿ ಎಳೆದ ಹಾಗೆ ಪಟ್ಟಿ ಕಟ್ಟಿ ಎಳೆಯಬೇಕಿತ್ತು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡೇ ಗಾಲಿ ಬಿಟ್ಟು, ಒಳಸೇರುವ ಉದ್ದ ಹಿಡಿಕೆ ಕೊಟ್ಟವನು 1987ರಲ್ಲಿ ರಾಬರ್ಟ್ ಪ್ಲಾತ್, ವಿಮಾನದ ಪೈಲಟ್. ಇಬ್ಬರ ತಲೆಯಲ್ಲೂ ಇದ್ದದ್ದು ವಿಮಾನ ನಿಲ್ದಾಣದ ನೆಲ. ಹದಿಮೂರನೇ ಶತಮಾನದ ಕೋಟೆಯೂರಿಗೆ ಜನ ಇದನ್ನು ಎಳೆದುಕೊಂಡು ಹೋದಾರು ಎಂದು ಅವರಿಗೇನು ಕನಸು ಬಿದ್ದಿತ್ತೇ?

ತೊಂದರೆ ಇರುವುದು ಗಾಲಿಯ ಗಾತ್ರದಲ್ಲಿ. ಸಾಧಾರಣ ಸೂಟ್‌ಕೇಸಿನ ಗಾಲಿ ಐದು ಸೆಂಟಿಮೀಟರ್ ಅಡ್ಡಳತೆಯದು. ಎದುರಿಗೆ ಒಂದೇ ಸೆಂಟಿಮೀಟರ್ ಎತ್ತರ ಎದ್ದ ಕಲ್ಲು ಬಂದಿತೆನ್ನಿ. ಅದನ್ನು ಹತ್ತಿಸಲು ಆ ಗಾಲಿಯ ಮೇಲೆ ಕೂತ ಭಾರದ 1.33 ಪಟ್ಟು ಬಲದಿಂದ ಅಡ್ಡಕ್ಕೆ ಎಳೆಯಬೇಕು. ಅಂದರೆ ಎತ್ತಿ ಆಚೆ ಇಡುವುದೇ ಸಲೀಸು! ಗಾಲಿ ಇಪ್ಪತ್ತು ಸೆಂಟಿಮೀಟರಿನದಾದರೆ ಭಾರದ ಅರ್ಧಕ್ಕೂ ಕಡಿಮೆ ಬಲ ಸಾಕು. ನಾಲ್ಕಡಿ ಎತ್ತರದ ಎತ್ತಿನ ಗಾಡಿಯ ಚಕ್ರಕ್ಕೆ ಐದನೇ ಒಂದು ಪಾಲೂ ಬೇಡ. ನಮ್ಮ ಬಡಗಿಗಳು ಚಕ್ರವನ್ನು ಅಷ್ಟು ಎತ್ತರ ಮಾಡುತ್ತಿದ್ದದ್ದು ಜಾತ್ರೆಯ ಶೋಕಿಗಲ್ಲ.

ಎರಡು ಗಾಲಿಯೋ ನಾಲ್ಕು ಗಾಲಿಯೋ ಎಂಬ ಜಗಳದಲ್ಲಿ ಅಂಗಡಿಯವರು ನಾಲ್ಕರ ಪಕ್ಷ. ಅಂಗಡಿಯ ಟೈಲ್ಸಿನ ಮೇಲೆ ಒಂದು ಬೆರಳಿನಿಂದ ತಳ್ಳಿ ತೋರಿಸುತ್ತಾರೆ. ಬುಗುರಿಯ ಹಾಗೆ ತಿರುಗುತ್ತದೆ. ಹಾಸುಗಲ್ಲಿನ ಮೇಲೆ ಈ ತಿರುಗುವ ಗುಣವೇ ಶತ್ರು. ಕಲ್ಲಿನ ಅಂಚಿಗೆ ತಾಗಿದ ಗಾಲಿ ತಟ್ಟನೆ ಮಗ್ಗುಲಾಗಿ ಸಂದಿನ ನೇರಕ್ಕೆ ಹೊರಳುತ್ತದೆ. ಗಾಲಿಯ ದಪ್ಪ ಎರಡು ಸೆಂಟಿಮೀಟರ್, ಸಂದಿನ ಅಗಲವೂ ಸುಮಾರು ಅಷ್ಟೇ. ಕಣದಲ್ಲಿ ಕಾಳು ಕೂತಂತೆ ಕೂತುಬಿಡುತ್ತದೆ. ಅದೇ ಆ ಟಕ್. ಆಗ ಸಿಟ್ಟಿನಿಂದ ಜಗ್ಗಿದರೆ ಮುರಿಯುವುದು ಸಾಮಾನ್ಯವಾಗಿ ಗಾಲಿಯಲ್ಲ, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಕವೆ. ಕವೆ ಮುರಿದ ಪೆಟ್ಟಿಗೆ ಆಮೇಲೆ ಊರೆಲ್ಲ ಕುಂಟಬೇಕು, ಒಡೆಯನ ಜತೆ.

ಹಾಗಾಗಿ ನಾಲ್ಕು ಗಾಲಿಯದನ್ನು ಕಲ್ಲಿನ ಮೇಲೆ ನೆಟ್ಟಗೆ ತಳ್ಳಲೇಬಾರದು. ಓರೆ ಮಾಡಿ, ಎರಡೇ ಗಾಲಿಯ ಮೇಲೆ ನಿಲ್ಲಿಸಿ, ಹಿಂದಿನಿಂದ ಎಳೆದುಕೊಂಡು ಬರಬೇಕು. ಎಳೆದಾಗ ಕೈ ಪೆಟ್ಟಿಗೆಯನ್ನು ಅಷ್ಟಿಷ್ಟು ಮೇಲೆತ್ತುತ್ತದೆ, ಗಾಲಿಗೆ ಭಾರ ಇಳಿಯುತ್ತದೆ. ತಳ್ಳಿದಾಗ ಅದೇ ಕೈ ಪೆಟ್ಟಿಗೆಯನ್ನು ಕೆಳಕ್ಕೆ ಒತ್ತುತ್ತದೆ. ಬೂಟು, ಚಾರ್ಜರು, ಉಪ್ಪಿನಕಾಯಿ ಬಾಟಲಿ ಇಂಥ ತೂಕದವೆಲ್ಲ ಗಾಲಿಯ ತುದಿಗೆ ಇರಲಿ. ಹಿಡಿಕೆಯ ತುದಿಯಲ್ಲಿ ತುಂಬಿದರೆ ಭಾರ ಮಣಿಕಟ್ಟಿಗೆ ಬರುತ್ತದೆ.

ಕಲ್ಲಿನಲ್ಲೂ ಜಾತಿಗಳಿವೆ. ಅಗಲ ಚಪ್ಪಡಿಯ ಹಾಸು, ಇಟಾಲಿಯನ್ನರು ಲಾಸ್ತ್ರಿಕಾತೊ ಅನ್ನುವುದು, ಗಾಲಿಗೆ ಸಹ್ಯ; ಸಂದು ಕಡಿಮೆ, ಆದರೆ ಮಳೆ ಬಂದರೆ ಜಾರುವವರು ನೀವು. ರೋಮಿನ ಸಾಂಪಿಯೆತ್ರೀನಿ ಸುಮಾರು 12 ಸೆಂಟಿಮೀಟರ್ ಅಗಲದ ಕರಿಗಲ್ಲು. ಕೆಳಗೆ ಮೊಳೆಯ ಹಾಗೆ ಕಿರಿದಾಗಿ ಮರಳಿನಲ್ಲಿ ನೆಟ್ಟಿರುತ್ತದೆ, ವಾಹನ ಓಡಿ ಓಡಿ ಒಂದು ಏಳುತ್ತದೆ, ಒಂದು ಕೂರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಆಚ್ಚೊತ್ತೊಲಾತೊ, ಅಂದರೆ ಹೊಳೆಯ ಉರುಟುಗಲ್ಲು ಹೂತ ಬೀದಿ. ಅದರ ಮೇಲೆ ಗಾಲಿ ಎಂಬ ಆಸೆಯನ್ನೇ ಬಿಟ್ಟು ಪೆಟ್ಟಿಗೆ ಹೊರಬೇಕು. ಉತ್ತರದ ಪಾವಿಯಾದಂಥ ಊರುಗಳಲ್ಲಿ ಹಿಂದಿನವರು ಇದಕ್ಕೂ ದಾರಿ ಕಂಡಿದ್ದಾರೆ. ಉರುಟುಗಲ್ಲಿನ ಬೀದಿಯ ನಡುವೆ ನುಣುಪು ಗ್ರಾನೈಟಿನ ಎರಡು ಪಟ್ಟಿ, ರೈಲು ಹಳಿಯ ಹಾಗೆ, ಗಾಡಿಯ ಚಕ್ರಗಳಿಗೆಂದೇ. ಕುದುರೆಗಾಡಿಗೆ ಸಿಕ್ಕ ಮರ್ಯಾದೆ ಪ್ರವಾಸಿಗನಿಗೂ ಅಲ್ಲಿ ಸಿಗುತ್ತದೆ, ಎರಡರಲ್ಲಿ ಒಂದು ಪಟ್ಟಿ ಹಿಡಿದು ನಡೆದರಾಯಿತು. ಅದನ್ನು ಬಿಟ್ಟು ಪಕ್ಕದ ಕಲ್ಲಿನ ಮೇಲೇ ಎಳೆದು ಊರನ್ನು ಬೈಯುವವರಿಗೆ ಏನು ಹೇಳೋಣ!

ದೊಡ್ಡ ಪೆಟ್ಟಿಗೆಯನ್ನು ಹತ್ತಿರದ ಸಿಯೆನಾ ನಗರದ ಹೋಟೆಲಿನಲ್ಲೇ ಬಿಟ್ಟು, ಒಂದು ರಾತ್ರಿಗೆ ಬೇಕಾದ್ದನ್ನು ಬೆನ್ನುಚೀಲದಲ್ಲಿ ತುಂಬಿ ಬರುವುದು ಸರಿಯಾದ ಕ್ರಮ. ಈ ಊರಿಗೆ ಬೆನ್ನುಚೀಲ ಹೊಸತೂ ಅಲ್ಲ. ಕ್ಯಾಂಟರ್ಬರಿಯಿಂದ ರೋಮಿಗೆ ಹೋಗುವ ವಿಯಾ ಫ್ರಾಂಚಿಜೆನಾ ಎಂಬ ಹಳೆಯ ಯಾತ್ರೆಯ ದಾರಿ ಇಲ್ಲಿಗೆ ಬಂದೇ ಹೋಗುತ್ತದೆ. ಸಾನ್ ಜಿಮಿನ್ಯಾನೊದಿಂದ ಸುಮಾರು 30 ಕಿಲೋಮೀಟರ್ ನಡೆದು ಸಂಜೆಗೆ ಇಲ್ಲಿ ತಲುಪುವವರು, ಮರುದಿನ 20 ಕಿಲೋಮೀಟರ್ ನಡೆದು ಸಿಯೆನಾ ಸೇರುತ್ತಾರೆ. ಮಣ್ಣು ಮೆತ್ತಿದ ಬೂಟು, ಏಳೆಂಟು ಕಿಲೋದ ಚೀಲ, ಸದ್ದಿಲ್ಲ. ಗಡಗಡದವರನ್ನು ಅವರು ನೋಡುವ ನೋಟದಲ್ಲಿ ಯಾತ್ರಿಕರಿಗೆ ಇರಬೇಕಾದ ಕರುಣೆ ಅಷ್ಟಾಗಿ ಕಾಣುವುದಿಲ್ಲ. ಈ ದಾರಿಯ ತಂಗುದಾಣಗಳನ್ನು 990ರಲ್ಲಿ ಬರೆದಿಟ್ಟ ಆರ್ಚ್‌ಬಿಷಪ್ ಸಿಗೆರಿಕ್‌ನ ಪಟ್ಟಿಯಲ್ಲಿ ಪಕ್ಕದ ಅಬ್ಬಾದಿಯಾ ಆ ಈಸೊಲಾ ಇದೆ, ಮೊಂತೆರಿಜ್ಜೋನಿ ಇಲ್ಲ. ಫ್ಲಾರೆನ್ಸಿಗೆ ಎದುರಾಗಿ ಸಿಯೆನಾದವರು ಈ ಕೋಟೆ ಕಟ್ಟಿದ್ದು 1213 ಮತ್ತು 1219ರ ನಡುವೆ.

ಕಾರಿನವರಿಗೆ ಬೇರೆ ಸಂಕಟ. ಕೋಟೆಯೊಳಗೆ ಕಾರು ಒಯ್ಯುವಂತಿಲ್ಲ, ಗುಡ್ಡದ ಬುಡದಲ್ಲಿ ನಿಲ್ಲಿಸಿ ಹತ್ತಬೇಕು. ನೀಲಿ ಗೆರೆಯೊಳಗೆ ದುಡ್ಡು ಕೊಟ್ಟು ನಿಲ್ಲಿಸುವುದು. ಬಿಳಿ ಗೆರೆ ಪುಕ್ಕಟೆ, ಕೆಲವೆಡೆ ಬಂದ ಹೊತ್ತನ್ನು ತೋರಿಸುವ ಬಿಲ್ಲೆ ಗಾಜಿನ ಹಿಂದೆ ಇಡಬೇಕು. ಹಳದಿಯ ಹತ್ತಿರ ಸುಳಿಯಬಾರದು. ಸಿಯೆನಾ, ಲುಕ್ಕಾದಂಥ ಊರುಗಳಲ್ಲಿ ವಾಹನ ನಿರ್ಬಂಧದ ವಲಯದ ಬಾಗಿಲಿಗೆ ‘ವಾರ್ಕೊ ಆತ್ತೀವೊ’ ಎಂದು ದೀಪದ ಫಲಕ ಇರುತ್ತದೆ. ದ್ವಾರ ಸಕ್ರಿಯ ಎಂದು ಓದಿ, ತೆರೆದಿದೆ ಎಂದುಕೊಂಡು ನುಗ್ಗುವವರಿಗೆ ಲೆಕ್ಕವಿಲ್ಲ. ಸಕ್ರಿಯವಾಗಿರುವುದು ಕ್ಯಾಮೆರಾ. ದಂಡದ ಕಾಗದ ಪರದೇಶದವರ ಮನೆಗೆ 360 ದಿನದೊಳಗೆ ಬರಬಹುದು; ಪ್ರವಾಸದ ಫೋಟೋ ಮರೆತ ಮೇಲೆ, ಕ್ಯಾಮೆರಾದ ಫೋಟೋ.

ರೈಲಿನಲ್ಲಿ ಬರುತ್ತೇವೆ ಅನ್ನುವವರಿಗೆ ನಿಲ್ದಾಣದ ಹೆಸರು ‘ಕಾಸ್ತೆಲ್ಲೀನಾ ಇನ್ ಕಿಯಾಂತಿ–ಮೊಂತೆರಿಜ್ಜೋನಿ’. ಎರಡು ಊರಿನ ಹೆಸರು ಹೊತ್ತ ಈ ನಿಲ್ದಾಣ ಎರಡೂ ಊರಿನಲ್ಲಿಲ್ಲ. ಕೋಟೆಗೆ ಅಲ್ಲಿಂದ ಮೂರು ಕಿಲೋಮೀಟರಿಗೂ ಹೆಚ್ಚು, ಕಾಸ್ತೆಲ್ಲೀನಾದ ಮಾತು ಬೇಡವೇ ಬೇಡ. ಸಿಯೆನಾದಿಂದ ಬಸ್ಸೇ ಮೇಲು. ವೇಳಾಪಟ್ಟಿಯಲ್ಲಿ ‘ಫೆರಿಯಾಲೆ’ ಅಂದರೆ ರಜಾದಿನವಲ್ಲ, ಕೆಲಸದ ದಿನ, ಶನಿವಾರವೂ ಸೇರಿ. ರಜಾದಿನಕ್ಕೆ ‘ಫೆಸ್ತೀವೊ’. ಇದನ್ನು ತಿರುವು ಮುರುವು ತಿಳಿದವರು ಭಾನುವಾರ ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತಿರುತ್ತಾರೆ.

ಊಟದ ವಿಷಯದಲ್ಲಿ ಕೋಟೆಗಿಂತ ಅಡುಗೆಮನೆಯ ಕಾವಲು ಬಿಗಿ. ಹನ್ನೆರಡೂವರೆಗೆ ತೆರೆದರೆ ಎರಡೂವರೆಗೆ ಒಲೆ ಆರುತ್ತದೆ, ಮತ್ತೆ ಹಚ್ಚುವುದು ಏಳರ ಮೇಲೆ. ಮೂರು ಗಂಟೆಗೆ ಹಸಿದು ಬಂದವರಿಗೆ ಬಾರಿನಲ್ಲಿ ಕಾಫಿ, ಬ್ರೆಡ್ಡು, ಅಷ್ಟೇ. ಹೊತ್ತಿಗೆ ಸರಿಯಾಗಿ ಹೋದ ಸಸ್ಯಾಹಾರಿಗಳು ಪೀಚಿ ಕೇಳಬಹುದು. ಹೆಸರು ಪೀಚಿಯಾದರೂ ಎಳೆ ಪೀಚಲ್ಲ. ಕೈಯಲ್ಲಿ ಹೊಸೆದ ದಪ್ಪ ಶಾವಿಗೆ, ಹಿಟ್ಟು ನೀರಿನದು. ಆಲ್ಯೋನೆ ಎಂಬ ದೊಡ್ಡ ಬೆಳ್ಳುಳ್ಳಿ ಹಾಕಿದ ಟೊಮೆಟೊ ಗೊಜ್ಜಿನ ಜತೆ ಬಾಯಿಗೆ ಹಿತ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿಸಿದ್ದಕ್ಕೆ ಜಗಳ ಬೇಡ, ಅದು ಮೇಜಿಗೆ ಕೂತದ್ದಕ್ಕೆ. ಜಗಳ ಮಾಡಿದರೂ ಕನ್ನಡದಲ್ಲಿ ಮಾಡಿ, ಮನಸ್ಸಿಗೆ ಸಮಾಧಾನವಾದರೂ ಸಿಗುತ್ತದೆ.

ಗೋಡೆಯ ಮೇಲೆ ನಡೆಯಲು ಟಿಕೆಟ್ ಇದೆ. ಪೂರ್ತಿ ಸುತ್ತು ಬರುವಂತಿಲ್ಲ, ಎರಡು ತುಂಡು ಮಾತ್ರ. ಹತ್ತಿ ನಿಂತರೆ ಹೊರಗೆ ಆಲಿವ್ ತೋಟ, ದ್ರಾಕ್ಷಿ ಸಾಲು, ಒಳಗೆ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ. ಗೋಡೆಯ ಮೇಲೆ ನಿಂತವರಿಗೆ ಗೋಡೆ ಕಾಣುವುದಿಲ್ಲವಲ್ಲ, ಇದು ಈ ಊರಿನ ಪೇಚು. ಹದಿನಾಲ್ಕು ಗೋಪುರಗಳ ಆ ಕಿರೀಟ ಕಾಣುವುದು ಹೊರಗಿನಿಂದ, ದೂರದಿಂದ. ಕವಿ ಡಾಂಟೆ ನರಕದ ಗುಂಡಿಯ ಅಂಚಿನಲ್ಲಿ ಸೊಂಟದವರೆಗೆ ಹೂತು ನಿಂತ ದೈತ್ಯರನ್ನು ಹೋಲಿಸಿದ್ದು ಇವೇ ಗೋಪುರಗಳಿಗೆ. ಅವನ ಕಾಲದಲ್ಲಿ ಇವು ಇನ್ನೂ ಎತ್ತರವಿದ್ದವು. 1554ರ ಯುದ್ಧದಲ್ಲಿ ಊರು ಶತ್ರುವಿನ ಕೈಸೇರಿದ್ದು ಗೋಡೆ ಬಿದ್ದು ಅಲ್ಲ. ಒಳಗಿದ್ದ ನಾಯಕ ಜೊವಾನ್ನೀನೊ ಜೇತಿಯೇ ಕೋಟೆಯನ್ನು ಫ್ಲಾರೆನ್ಸ್ ಪಕ್ಷದ ಸೇನೆಗೆ ಒಪ್ಪಿಸಿಬಿಟ್ಟ.

ಯಾಕೆ ಹೋಗಬೇಕು ಎಂಬ ಮಾತು ಹಾಗೇ ಉಳಿಯಿತು. ಇಳಿಯುವ ಹೊತ್ತೂ ಆಯಿತು. ಇಳಿಜಾರಿನಲ್ಲಿ ನಾಲ್ಕು ಗಾಲಿಯ ಪೆಟ್ಟಿಗೆಯನ್ನು ಮುಂದೆ ಬಿಟ್ಟರೆ ಅದು ನಿಮ್ಮನ್ನು ಎಳೆಯುತ್ತದೆ, ಹಿಂದೆ ಬಿಟ್ಟರೆ ಹಿಮ್ಮಡಿಗೆ ಗುದ್ದುತ್ತದೆ. ಮಗ್ಗುಲಲ್ಲಿ ಹಿಡಿದು, ಕೈ ಬಿಗಿಮಾಡಿ, ಚಿಕ್ಕ ಹೆಜ್ಜೆ ಇಟ್ಟು ಇಳಿಯಬೇಕು. ಅರ್ಧ ದಾರಿಯಲ್ಲಿ ಒಮ್ಮೆ ನಿಂತು ತಿರುಗಿ ನೋಡಿದರೆ ಗೋಪುರಗಳ ಸಾಲು ಕಾಣುತ್ತದೆ. ತಿರುಗುವ ಮೊದಲು ಪೆಟ್ಟಿಗೆಯನ್ನು ಅಡ್ಡ ಮಲಗಿಸಿ; ಇಲ್ಲದಿದ್ದರೆ ನಿಮಗಿಂತ ಮೊದಲು ಅದೇ ಬಸ್‌ಸ್ಟಾಪ್ ಸೇರುತ್ತದೆ.